ಮಲ್ಪೆಯ ಲಾವಾ ದ್ವೀಪ: ಮಡಗಾಸ್ಕರ್ ಬಿಟ್ಟುಹೋದ ಗುರುತಿಗೆ ಕಾವಲು ಯಾರು?

ಬ್ಯಾಕೋಡು, ತುಮರಿ ಕಡೆಯವರಿಗೆ ‘ದ್ವೀಪ’ ಅಂದರೆ ಲಿಂಗನಮಕ್ಕಿ ಹಿನ್ನೀರು ಸುತ್ತುಗಟ್ಟಿದ ತಮ್ಮದೇ ಸೀಮೆ. ಅದು 1964ರ ಅಣೆಕಟ್ಟು ಮಾಡಿದ ದ್ವೀಪ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಸಾಗರಕ್ಕೆ ಹತ್ತಿರದ ದಾರಿ ಅಂದರೆ ಲಾಂಚು. ಇದೇ ಊರಿಂದ ಘಾಟಿ ಇಳಿದು, ಕೊಲ್ಲೂರು ದಾಟಿ ಮಲ್ಪೆಗೆ ಹೋದರೆ ಸಮುದ್ರದಲ್ಲಿ ಇನ್ನೊಂದು ಥರದ ದ್ವೀಪಗಳು ಸಿಗುತ್ತವೆ. ಅವುಗಳ ಕಲ್ಲು ಜ್ವಾಲಾಮುಖಿಯದು.

ಸೇಂಟ್ ಮೇರೀಸ್ ದ್ವೀಪಗಳು, ಸ್ಥಳೀಯವಾಗಿ ತೋನ್ಸೆಪಾರ್. ಇವುಗಳಲ್ಲಿ ಮುಖ್ಯವಾದವು ನಾಲ್ಕು. ಪ್ರವಾಸಿಗರು ಇಳಿಯುವ ಕೋಕನಟ್ ದ್ವೀಪ ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್, ಅಷ್ಟೇ. ಅಲ್ಲಿ ಐದು, ಆರು, ಏಳು ಮುಖದ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಎತ್ತರದವು ಸುಮಾರು 6 ಮೀಟರ್. ಕೆತ್ತಿದ್ದು ಯಾರೂ ಅಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು ಒಣಗಿ ಚಕ್ಕೆ ಚಕ್ಕೆಯಾಗಿ ಬಿರುಕು ಬಿಡುತ್ತಲ್ಲ, ಹಾಗೇ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟಿದೆ. ಬಿರುಕು ಮೇಲಿಂದ ಒಳಕ್ಕೆ ಇಳಿದಂತೆ ಕಂಬಗಳಾಗಿವೆ.

ಇದನ್ನು ‘ಬಸಾಲ್ಟ್’ ಅಂತ, ಡೆಕ್ಕನ್ ಟ್ರ್ಯಾಪಿನ ತುಂಡು ಅಂತ ಬರೆಯುವವರು ಈಗಲೂ ಇದ್ದಾರೆ. ಎರಡೂ ತಪ್ಪು. ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ವಯಸ್ಸಂತೂ ಹೊಂದುವುದೇ ಇಲ್ಲ. ಡೆಕ್ಕನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಮಲ್ಪೆಯ ಕಲ್ಲಿಗೆ ಪೊಟ್ಯಾಸಿಯಂ-ಆರ್ಗಾನ್ ವಿಧಾನ ಮೊದಲು ಕೊಟ್ಟ ವಯಸ್ಸು ಸುಮಾರು 9.3 ಕೋಟಿ; ಆಮೇಲೆ ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ-ಸೀಸ ಕೊಟ್ಟಿದ್ದು 9.1 ಕೋಟಿ, 2001ರಲ್ಲಿ ಕಾಂಚನ್ ಪಾಂಡೆ ಮತ್ತು ಸಂಗಡಿಗರು ಸುಧಾರಿತ ಆರ್ಗಾನ್ ವಿಧಾನದಲ್ಲಿ ಕಂಡಿದ್ದು 8.56 ಕೋಟಿ. ಜಗಳ ಐವತ್ತು, ಅರವತ್ತು ಲಕ್ಷ ವರ್ಷದ್ದು. ಯಾವುದನ್ನೇ ಒಪ್ಪಿದರೂ ಅದು ಮಡಗಾಸ್ಕರ್‌ನ ಲಾವಾಗಳ ಕಾಲಕ್ಕೇ ತಾಳೆಯಾಗುತ್ತದೆ. ಅಂದರೆ, ನಮ್ಮ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬಿಟ್ಟುಹೋದ ಹೊತ್ತಿನ ಬೆಂಕಿ ಇದು. ನೆಲದಡಿಯ ಮರಿಯನ್ ಎಂಬ ಬಿಸಿತಾಣವೇ ಒಡಕಿಗೆ ಕಾರಣ ಅನ್ನುವ ವಾದವಿದೆ. ಅದನ್ನು ಒಪ್ಪದ ಭೂವಿಜ್ಞಾನಿಗಳೂ ಇದ್ದಾರೆ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮರಿಯನ್ ದ್ವೀಪ 1980ರಲ್ಲೂ ಲಾವಾ ಉಗುಳಿದೆ.

ಮಲ್ಪೆಯಲ್ಲಿ ಆ ಭಯವಿಲ್ಲ. ದ್ವೀಪದ ಮೇಲೆ ಜ್ವಾಲಾಮುಖಿಯ ಬಾಯಿಯೂ ಕಾಣುವುದಿಲ್ಲ. ಉಳಿದಿರುವುದು ಹಳೇ ಲಾವಾದ ಚೂರು ಮಾತ್ರ. ಭಾರತದ ಜೀವಂತ ಜ್ವಾಲಾಮುಖಿ ನೋಡಬೇಕೆಂದರೆ ಅಂಡಮಾನ್‌ನ ಬ್ಯಾರೆನ್ ದ್ವೀಪ: ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಎದ್ದಿತು, ಆಮೇಲೆ ಹಲವು ಸಲ.

ಘಟ್ಟಕ್ಕೂ ಇದಕ್ಕೂ ನಂಟಿದೆ. ಆ ಒಡಕಿನಲ್ಲಿ ಕತ್ತರಿಸಿಹೋದ ಅಂಚೇ ಸವೆಯುತ್ತಾ ಪೂರ್ವಕ್ಕೆ ಸರಿದು ಇಂದಿನ ಪಶ್ಚಿಮ ಘಟ್ಟದ ಗೋಡೆಯಾಗಿದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುವುದು ಆ ಗೋಡೆಯಿಂದಲೇ.

ಈಗ ಕಾನೂನಿನ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಬಿರುದು ದೊಡ್ಡದು, ಹಲ್ಲಿಲ್ಲ. ಪಕ್ಕದ ದರಿಯಾ ಬಹದ್ದೂರ್‌ಗಢ ದ್ವೀಪದಲ್ಲಿ ಬಿದನೂರಿನ, ಅಂದರೆ ನಮ್ಮ ಹೊಸನಗರದ ನಗರದ, ಬಸಪ್ಪ ನಾಯಕ ಕಟ್ಟಿಸಿದ ಎನ್ನುವ ಕೋಟೆಯ ಅವಶೇಷವಿದೆ. ಅಂಥದ್ದನ್ನು ಕಾಯಬೇಕೆಂದರೆ 1958ರ ಪ್ರಾಚೀನ ಸ್ಮಾರಕ ಕಾಯ್ದೆ ಇದೆ; ಮನುಷ್ಯರ ಕೈ ತಾಗದ ಕಲ್ಲಿಗೆ ಅಂಥದ್ದಿಲ್ಲ.

2022ರ ಡಿಸೆಂಬರ್‌ನಲ್ಲಿ ಗಣಿ ಸಚಿವಾಲಯ ಭೂ-ಪರಂಪರೆ ತಾಣಗಳ ಕರಡು ಮಸೂದೆ ಹೊರಡಿಸಿತು. ಹಾಳು ಮಾಡಿದವರಿಗೆ 6 ತಿಂಗಳ ತನಕ ಸಜೆ ಅಥವಾ 5 ಲಕ್ಷ ರೂಪಾಯಿ ತನಕ ದಂಡ ಅಂತ ಅದರಲ್ಲಿತ್ತು. ಜೊತೆಗೆ, ತಾಣಕ್ಕೆ ಬೇಕಾದ ಜಮೀನನ್ನು ಕೇಂದ್ರ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೂ ಇತ್ತು. ಎಲ್ಲ ಅಧಿಕಾರ ಸರ್ವೇಕ್ಷಣೆಯ ಕೈಗೇ ಹೋಗುತ್ತದೆ ಅಂತ ಭೂವಿಜ್ಞಾನಿಗಳೇ ತಕರಾರು ತೆಗೆದರು. ‘ಸಾರ್ವಜನಿಕ ಹಿತಕ್ಕಾಗಿ ಸ್ವಾಧೀನ’ ಅಂದರೇನು ಅಂತ ಶರಾವತಿ ಮುಳುಗಡೆ ಕುಟುಂಬಗಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಂಬಗಳಿಗೆ ಕಾನೂನು ಬೇಕು, ಅನುಮಾನವಿಲ್ಲ. ಆದರೆ ಎಲ್ಲಿ ದೋಣಿ ಕಟ್ಟಬಹುದು, ದಿನಕ್ಕೆ ಎಷ್ಟು ಜನ ಹತ್ತಬಹುದು ಎಂಬುದನ್ನು ಮಲ್ಪೆಯ ಮೀನುಗಾರರನ್ನು ಕೇಳದೆ ದೆಹಲಿಯಲ್ಲಿ ಬರೆಯಬಾರದು.