ಎರಡಾಣೆಯ ಬಲ

ಸಣ್ಣ ಉದ್ಯಮ ನಿಲ್ಲಲು ಹಣವೊಂದೇ ಸಾಕೇ? ಉಡುಪಿಯ ಇತಿಹಾಸ ನೋಡೋಣ. ಕರಾವಳಿಯ ಕೈಮಗ್ಗಗಳು ಸೊರಗಿದ್ದಾಗ, ನೇಕಾರರ ನೆರವಿಗೆಂದು 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವ 8,000 ರೂಪಾಯಿ ಬಂಡವಾಳದಿಂದ ಬ್ಯಾಂಕೊಂದನ್ನು ಸ್ಥಾಪಿಸಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

ಅಂದಂದಿನ ದುಡಿಮೆಯಲ್ಲಿ ಬದುಕುವವರು ದೊಡ್ಡ ಮೊತ್ತ ಕೂಡಿಡಲಾರರು. ಕೆಲಸ ಬಿಟ್ಟು ಬ್ಯಾಂಕಿಗೆ ಹೋದರೆ ಆ ದಿನದ ಗಳಿಕೆಗೇ ಕುತ್ತು. ಇದನ್ನರಿತು 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಏಜೆಂಟರು ದಿನವೂ ಮನೆಬಾಗಿಲಿಗೇ ಬಂದು ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಪಡೆದರು. ದಿನನಿತ್ಯದ ಭೇಟಿಯಿಂದ ಪರಿಚಯ, ಪರಿಚಯದಿಂದ ವಿಶ್ವಾಸ ಬೆಳೆಯಿತು.

ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಾಠ ಮಾತ್ರ ಉಳಿದಿದೆ: ದುಡಿಯುವವರ ದಿನಚರಿಗೆ ಹೊಂದುವ ನೆರವೇ ನಿಜವಾದ ನೆರವು. ನಿಮ್ಮೂರಿನ ಪೇಟೆಯಲ್ಲಿ ಪಿಗ್ಮಿ ಸಂಗ್ರಹಿಸುವವರು ಕಂಡರೆ, ವಿದ್ಯಾರ್ಥಿಗಳೇ, ಈ ಚರಿತ್ರೆ ನೆನಪಿಸಿಕೊಳ್ಳಿ.