ನೆಲದ ಮೇಲೆ ನಿಲ್ಲದ ಕಾಲು ನೀರಿನಲ್ಲಿ ನಿಂತಾಗ

ಅಮೆರಿಕದ ಶ್ವೇತಭವನದಲ್ಲಿ ಪತ್ರಕರ್ತರು ಕುಳಿತು ಪ್ರಶ್ನೆ ಕೇಳುವ ಕೊಠಡಿಯನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅದರ ನೆಲದ ಅಡಿಯಲ್ಲಿ ಒಂದು ಈಜುಕೊಳವಿದೆ! 1933ರಲ್ಲಿ ಜನರು ಕೊಟ್ಟ ವಂತಿಗೆಯಿಂದ ಕಟ್ಟಿದ ಕೊಳ ಅದು. 1970ರಲ್ಲಿ ಅದನ್ನು ಮುಚ್ಚಿ ಮೇಲೆ ಕೊಠಡಿ ಮಾಡಿದರು. ಕೊಳ ಕಟ್ಟಿದ್ದು ಎದ್ದು ನಿಲ್ಲಲು ಉಕ್ಕಿನ ಪಟ್ಟಿಗಳ ಆಸರೆ ಬೇಕಿದ್ದ ಅಧ್ಯಕ್ಷ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ ಅವರಿಗಾಗಿ.

ಅವರ ಕಾಯಿಲೆ ಶುರುವಾದದ್ದೂ ರಜೆಯಲ್ಲಿ, ನೀರಿನ ಬಳಿಯಲ್ಲೇ. 1921ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಮಕ್ಕಳೊಡನೆ ಈಜಿ, ಒದ್ದೆ ಬಟ್ಟೆಯಲ್ಲೇ ಕುಳಿತಿದ್ದ 39 ವರ್ಷದ ರೂಸ್‌ವೆಲ್ಟ್‌ರಿಗೆ ಚಳಿ ಹಿಡಿಯಿತು. ಕೆಲವೇ ದಿನಗಳಲ್ಲಿ ಕಾಲುಗಳ ಶಕ್ತಿ ಹೋಯಿತು. ವೈದ್ಯರು ಪೋಲಿಯೊ ಎಂದರು. (ಅದು ಗಿಲಾನ್-ಬಾರೆ ಎಂಬ ಬೇರೆ ನರರೋಗವಿರಬಹುದೆಂದು 2003ರಲ್ಲಿ ಕೆಲವು ಸಂಶೋಧಕರು ವಾದಿಸಿದರು, ಆ ಚರ್ಚೆ ಇನ್ನೂ ಮುಗಿದಿಲ್ಲ.) ಈಜಿದ್ದಕ್ಕೂ ಕಾಯಿಲೆಗೂ ಕಾರಣ-ಪರಿಣಾಮದ ಸಂಬಂಧ ಕಲ್ಪಿಸಬೇಡಿ, ಸೋಂಕು ಅದಕ್ಕೆ ಮೊದಲೇ ತಗುಲಿತ್ತು.

ಮರುವರ್ಷದ ಬೇಸಿಗೆಯಲ್ಲಿ ನೆರೆಯ ಸ್ನೇಹಿತರೊಬ್ಬರ ಕೊಳದಲ್ಲಿ ಈಜಿದಾಗ ಅವರಿಗೆ ಒಂದು ವಿಷಯ ಹೊಳೆಯಿತು. ನೆಲದ ಮೇಲೆ ಕದಲದ ಕಾಲು ನೀರಿನಲ್ಲಿ ಅಷ್ಟಿಷ್ಟು ಕದಲುತ್ತಿತ್ತು! ಗೆಳೆಯನೊಡನೆ ಸೇರಿ ಒಂದು ದೋಣಿಮನೆಯನ್ನೇ ಕೊಂಡು, 1924ರ ಚಳಿಗಾಲವನ್ನು ಫ್ಲಾರಿಡದ ಬೆಚ್ಚನೆಯ ಕಡಲಲ್ಲಿ ಈಜುತ್ತ, ಮೀನು ಹಿಡಿಯುತ್ತ ಕಳೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಪೋಲಿಯೊಪೀಡಿತ ಯುವಕನೊಬ್ಬ ಅಲ್ಲಿನ ಕೊಳದಲ್ಲಿ ಈಜಿ ಈಜಿ ಊರುಗೋಲಿನ ಸಹಾಯದಿಂದ ನಡೆಯುವಂತಾದನೆಂಬ ಸುದ್ದಿ ಅವರನ್ನು ಕರೆತಂದಿತ್ತು.

ಈ ಊರಿನ ಬುಗ್ಗೆಯ ನೀರು ವರ್ಷವಿಡೀ ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುತ್ತದೆ. ಹತ್ತಿರದ ಪೈನ್ ಮೌಂಟನ್ ಬೆಟ್ಟದ ಮೇಲೆ ಬಿದ್ದ ಮಳೆನೀರು ಬಂಡೆಪದರಗಳ ನಡುವೆ ಸುಮಾರು ಒಂದು ಕಿಲೋಮೀಟರ್ ಆಳಕ್ಕಿಳಿದು, ಭೂಮಿಯ ಶಾಖದಿಂದ ಬೆಚ್ಚಗಾಗಿ ಮತ್ತೆ ಮೇಲೆ ಬರುತ್ತದೆ. ನೀರಿನಲ್ಲಿ ಕರಗಿದ ಲವಣಗಳಿಗೆ ಔಷಧ ಗುಣವಿದೆಯೆಂದು ಆಗ ಅನೇಕರು ನಂಬಿದ್ದರು. ನಿಜವಾದ ಕಾರಣ ತೀರಾ ಸರಳ. ಅದನ್ನು ನೀವು ತರಗತಿಯಲ್ಲೇ ತೋರಿಸಬಹುದು.

ಒಂದು ಕಲ್ಲನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ತೂಗಿ. ಅನಂತರ ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ತೂಗಿ. ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಕಡಿಮೆಯಾಗುತ್ತದೆ; ಇದು ಆರ್ಕಿಮಿಡೀಸನ ತತ್ತ್ವ. ನಮ್ಮ ದೇಹದ ಸಾಂದ್ರತೆ ಕಲ್ಲಿನದರಂತಲ್ಲ, ಹೆಚ್ಚುಕಡಿಮೆ ನೀರಿನದೇ. ಹೀಗಾಗಿ ಸೊಂಟದವರೆಗೆ ನೀರಿಗಿಳಿದರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧವಾಗುತ್ತದೆ. ಕುತ್ತಿಗೆಯವರೆಗೆ ಇಳಿದರೆ ಹತ್ತನೆಯ ಒಂದು ಭಾಗ ಉಳಿದರೆ ಹೆಚ್ಚು. 60 ಕಿಲೋಗ್ರಾಂ ತೂಗುವವರ ಕಾಲು ಆಗ ಹೊರಬೇಕಾದದ್ದು ಕೇವಲ ಆರು ಕಿಲೋಗ್ರಾಂ! ಸೊರಗಿದ ಸ್ನಾಯುವಿಗೂ ಇಷ್ಟು ಸಾಧ್ಯ. ಜೊತೆಗೆ ನೀರಿನ ಎದುರೊತ್ತು ವೇಗದೊಂದಿಗೆ ಏರುತ್ತದೆ. ಮೆಲ್ಲಗೆ ಕಾಲಾಡಿಸಿದರೆ ಅಡ್ಡಿ ಅಲ್ಪ, ಜೋರಾಗಿ ಆಡಿಸಿದರೆ ಅಡ್ಡಿ ಹೆಚ್ಚು. ಹೀಗಾಗಿ ವ್ಯಾಯಾಮದ ಹೊರೆಯನ್ನು ರೋಗಿ ತಾನೇ ನಿರ್ಧರಿಸಬಹುದು. ನೀರು ಬೆಚ್ಚಗಿರುವುದರಿಂದ ನಡುಗದೆ ತಾಸುಗಟ್ಟಲೆ ಆಡಬಹುದು.

ರೂಸ್‌ವೆಲ್ಟ್ ಅಲ್ಲಿ ಆಸರೆಪಟ್ಟಿ ಇಲ್ಲದೆ ನಿಂತರು, ನೀರಿನೊಳಗೆ ನಡೆದರು. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಬೇರೆ ಬೇರೆ ಊರುಗಳಿಂದ ಪೋಲಿಯೊಪೀಡಿತರು ಹೇಳದೆ ಕೇಳದೆ ಬಂದಿಳಿದರು. ಆದರೆ ಅದು ರಜೆ ಕಳೆಯಲು ಬರುವವರ ಹೋಟೆಲು. ರೋಗ ತಮಗೂ ಅಂಟೀತೆಂದು ಇತರ ಅತಿಥಿಗಳು ಗೊಣಗಿದರು. ರೋಗಿಗಳಿಗೆಂದು ಬೇರೆ ಕೊಳ ಮಾಡಬೇಕಾಯಿತು. 1926ರಲ್ಲಿ ರೂಸ್‌ವೆಲ್ಟ್ ತಮ್ಮ ಆಸ್ತಿಯ ಬಹುಪಾಲನ್ನು, ಸುಮಾರು ಎರಡು ಲಕ್ಷ ಡಾಲರನ್ನು, ಸುರಿದು ಹೋಟೆಲು, ಬುಗ್ಗೆ, ಜಮೀನು ಎಲ್ಲವನ್ನೂ ಕೊಂಡುಬಿಟ್ಟರು! 1927ರಲ್ಲಿ ಅದು ಪ್ರತಿಷ್ಠಾನವಾಯಿತು. ನೀರಿನೊಳಗೆ ಮೇಜುಗಳನ್ನಿಟ್ಟು ಅಂಗಸಾಧಕರು ಒಂದೊಂದೇ ಸ್ನಾಯುವನ್ನು ಪಳಗಿಸುತ್ತಿದ್ದರು. ಅದು ಮುಗಿದ ಮೇಲೆ ಚೆಂಡಾಟ, ನೀರೆರಚಾಟ. ನನ್ನ ದೃಷ್ಟಿಯಲ್ಲಿ ಈ ಎರಡನೆಯದೂ ಚಿಕಿತ್ಸೆಯೇ. ಪಟ್ಟಿ ಕಟ್ಟಿ ಮಲಗಿಸುವುದೇ ಶುಶ್ರೂಷೆ ಎಂದುಕೊಂಡಿದ್ದ ಕಾಲದಲ್ಲಿ ಕಾಲಿಲ್ಲದವರೂ ಆಡಬಹುದೆಂದು ತೋರಿಸಿದ ಜಾಗ ಅದು.

ಹಾಗೆಂದು ನೀರು ಪೋಲಿಯೊವನ್ನು ಗುಣಪಡಿಸಿತೆಂದು ಹೇಳಬೇಡಿ. ಬೆನ್ನುಹುರಿಯಲ್ಲಿ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದ ನರಗಳಿಗೆ ಸೇರಿದ ಸ್ನಾಯುಗಳಷ್ಟೇ ಬಲಗೊಳ್ಳುತ್ತವೆ. ರೂಸ್‌ವೆಲ್ಟ್ ಆಸರೆಯಿಲ್ಲದೆ ನೆಲದ ಮೇಲೆ ಮತ್ತೆ ನಡೆಯಲಿಲ್ಲ. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ತೀರಿಕೊಂಡರು. ಸಾಲ್ಕ್ ಲಸಿಕೆ ಪರಿಣಾಮಕಾರಿ ಎಂಬ ಘೋಷಣೆ ಬಂದದ್ದು ಸರಿಯಾಗಿ ಹತ್ತು ವರ್ಷದ ನಂತರ, ಅದೇ ತಾರೀಖಿನಂದು.

ಕಾಲು ಬಲವಾಗದಿದ್ದರೂ ಈಜಬಹುದಲ್ಲ? ಇದನ್ನು ಕ್ರಮವಾಗಿ ಕಲಿಸಿದವರು ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರು. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹುಡುಗಿಯರಿಗೆ ಅವರು ಪಾಠ ಶುರುಮಾಡಿದರು. ತೇಲುವ ದೇಹದಲ್ಲಿ ತೂಕ ಗುರುತ್ವಕೇಂದ್ರದಲ್ಲಿ ಕೆಳಕ್ಕೆ ಎಳೆಯುತ್ತದೆ, ಪ್ಲವನ ಬಲ ಪ್ಲವನಕೇಂದ್ರದಲ್ಲಿ ಮೇಲಕ್ಕೆ ಒತ್ತುತ್ತದೆ. ಎರಡೂ ಒಂದೇ ಲಂಬರೇಖೆಯಲ್ಲಿ ಇಲ್ಲದಿದ್ದರೆ ದೇಹ ಉರುಳುತ್ತದೆ. ಒಂದು ಕಾಲು ಸೊರಗಿದ್ದರೆ, ಒಂದು ಪಕ್ಕ ಬಿಗಿದಿದ್ದರೆ ಆಗುವುದು ಇದೇ. ಆದ್ದರಿಂದ ಅವರು ಮೊದಲು ಕಲಿಸಿದ್ದು ಕೈ ಬಡಿಯುವುದನ್ನಲ್ಲ, ಉರುಳನ್ನು ತಡೆದು ಮುಖ ಮೇಲಕ್ಕೆ ತಂದು ಉಸಿರಾಡುವುದನ್ನು. ಟ್ಯೂಬು, ಬೆಂಡುಗಳನ್ನು ಬಳಸಲಿಲ್ಲ; ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ.

ಇಷ್ಟಾದರೂ ನೀರಿನ ತನಕ ಹೋಗುವುದು ಹೇಗೆ? ವಾರ್ಮ್ ಸ್ಪ್ರಿಂಗ್ಸ್ ಆಗ ಬಿಳಿಯರಿಗೆ ಮಾತ್ರ. ಕರಿಯ ಮಕ್ಕಳಿಗಾಗಿ ಟಸ್ಕೀಗಿಯಲ್ಲಿ ಪೋಲಿಯೊ ಕೇಂದ್ರ ತೆರೆದದ್ದು 1941ರಲ್ಲಿ. ನಮ್ಮ ಸಮುದ್ರ ತೀರಗಳಲ್ಲಿ ಅಡ್ಡಿ ಮರಳಿನದು. ಗಾಲಿಕುರ್ಚಿಯ ತೆಳು ಚಕ್ರ ಸಣ್ಣ ಜಾಗದ ಮೇಲೆ ಇಡೀ ಭಾರ ಹಾಕಿ ಹೂತುಹೋಗುತ್ತದೆ. ಬಲೂನಿನಂಥ ದಪ್ಪ ಚಕ್ರ ಹಾಕಿದರೆ ಅಷ್ಟೇ ಭಾರ ಹೆಚ್ಚು ಜಾಗಕ್ಕೆ ಹಂಚಿ ಒತ್ತಡ ಇಳಿಯುತ್ತದೆ. ಇನ್ನೊಂದು ಉಪಾಯ ಹಲಗೆಯ ಹಾದಿ. ಚೆನ್ನೈನ ಮರೀನಾ ಕಡಲತೀರದಲ್ಲಿ ಅಂಥ ಮರದ ಹಾದಿ 2022ರ ನವೆಂಬರ್‌ನಲ್ಲಿ ತೆರೆಯಿತು. ಗಾಲಿಕುರ್ಚಿಯಲ್ಲಿ ಬಂದವರು ಅಲೆಯ ಹತ್ತಿರಕ್ಕೆ ಹೋದರು. ಡಿಸೆಂಬರ್‌ನಲ್ಲಿ ಮಾಂಡೂಸ್ ಚಂಡಮಾರುತ ಅದರ ಒಂದು ಭಾಗವನ್ನು ಕಿತ್ತುಹಾಕಿತು. ನಂತರ ದುರಸ್ತಿ ಮಾಡಿದರು.