ಹೊಟ್ಟೆಯ ಕ್ಷಯವೋ, ಅಂಡಾಶಯದ ಕ್ಯಾನ್ಸರೋ: ರೋಗನಿರ್ಣಯ ಬೆಳೆದ ಬಗೆ

ಉದರಪೊರೆಗೆ ಹಬ್ಬಿದ ಕ್ಷಯವೂ ಮುಂದುವರಿದ ಅಂಡಾಶಯದ ಕ್ಯಾನ್ಸರೂ ಹೆಂಗಸರಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣಿಸಿಕೊಳ್ಳುತ್ತವೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಹಸಿವು ಇಂಗುತ್ತದೆ, ತೂಕ ಇಳಿಯುತ್ತದೆ, ಕಿಬ್ಬೊಟ್ಟೆಯಲ್ಲಿ ಗಂಟು ಕೈಗೆ ಸಿಗುತ್ತದೆ. ಜ್ವರ, ರಾತ್ರಿ ಬೆವರು, ಕಿರಿಯ ವಯಸ್ಸು ಇದ್ದರೆ ಕ್ಷಯದ ಶಂಕೆ ಹೆಚ್ಚು. ಮುಟ್ಟು ನಿಂತವರಲ್ಲಿ ಕ್ಯಾನ್ಸರಿನದು. ಆದರೆ ಜ್ವರವೇ ಇಲ್ಲದ ಕ್ಷಯವೂ ಉಂಟು, ಎದೆಯ ಎಕ್ಸ್-ರೇಯಲ್ಲಿ ಏನೂ ಕಾಣದಿರುವುದೂ ಉಂಟು.

ಈ ಗೊಂದಲ ಹಳೆಯದು. 1862ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಪೆನ್ಸರ್ ವೆಲ್ಸ್ ಅಂಡಾಶಯದ ಗೆಡ್ಡೆಯೆಂದು ಎಣಿಸಿ ಯುವತಿಯೊಬ್ಬಳ ಹೊಟ್ಟೆ ಕೊಯ್ದಾಗ ಒಳಗೆ ಕಂಡದ್ದು ಕ್ಷಯ. ನೀರು ತೆಗೆದು ಹೊಲಿದದ್ದಷ್ಟೇ, ಆಕೆ ಚೇತರಿಸಿಕೊಂಡಳು. ಇಂಥ ಅನುಭವಗಳಿಂದಾಗಿ ಹೊಟ್ಟೆ ತೆರೆಯುವುದೇ ಕ್ಷಯಕ್ಕೆ ಮದ್ದೆಂಬ ನಂಬಿಕೆ ಯುರೋಪಿನಲ್ಲಿ ಕೆಲಕಾಲ ಹರಡಿತು. ರೋಗಾಣುವನ್ನು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು 1882ರಲ್ಲಿ. 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬಿಯಸ್ ಸಣ್ಣ ರಂಧ್ರದ ಮೂಲಕ ಕೊಳವೆ ಇಳಿಸಿ, ನೀರು ತುಂಬಿದ ಹೊಟ್ಟೆಯ ಒಳಗನ್ನು ನೋಡಿದ ವರದಿ ಪ್ರಕಟಿಸಿದ. ಇಂದಿನ ಲ್ಯಾಪರೋಸ್ಕೋಪಿಯ ಮೂಲ ಅದು.

1980ರ ದಶಕ ಹೊಸ ಭರವಸೆಯ ಜೊತೆಗೆ ಹೊಸ ತಪ್ಪಿಗೂ ದಾರಿ ಮಾಡಿತು. ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರ ಕೆಲಸದಿಂದ ಬಂದ ಸಿಎ-125 ರಕ್ತಪರೀಕ್ಷೆಯಲ್ಲಿ ಮಿಲಿಲೀಟರಿಗೆ 35 ಯೂನಿಟ್ ಮಿತಿಯಾಯಿತು. ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಈ ಪ್ರೊಟೀನನ್ನು ಕೆರಳಿದ ಉದರಪೊರೆಯೂ ಸುರಿಸುತ್ತದೆ. ಹಾಗಾಗಿ ಕ್ಷಯದಲ್ಲಿ ಅದು ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. 1990ರಲ್ಲಿ ಇಯಾನ್ ಜೇಕಬ್ಸ್ ಮತ್ತಿತರರು ರೂಪಿಸಿದ ಅಪಾಯ ಸೂಚ್ಯಂಕವು ಸಿಎ-125, ಸ್ಕ್ಯಾನಿಂಗ್ ಅಂಕ, ಮುಟ್ಟಿನ ಸ್ಥಿತಿಯ ಅಂಕ ಈ ಮೂರನ್ನೂ ಗುಣಿಸುತ್ತದೆ. 200 ದಾಟಿದರೆ ಕ್ಯಾನ್ಸರಿನ ಶಂಕೆ. ಮುಟ್ಟು ನಿಲ್ಲದ ಕ್ಷಯರೋಗಿಯ ಸಿಎ-125 300 ಇದ್ದು, ನೀರು ಮತ್ತು ಎರಡೂ ಕಡೆಯ ಗಂಟುಗಳಿಂದ ಸ್ಕ್ಯಾನಿಂಗ್ ಅಂಕ 3 ಆದರೆ ಸೂಚ್ಯಂಕ 900. ಲೆಕ್ಕ ಸರಿ, ತೀರ್ಮಾನ ತಪ್ಪು! ಆಮೇಲೆ ಬಂದ ಎಚ್‌ಇ-4 ಎಂಬ ಇನ್ನೊಂದು ರಕ್ತಪರೀಕ್ಷೆಯ ಪ್ರೊಟೀನು ಕ್ಷಯದಲ್ಲಿ ಅಷ್ಟಾಗಿ ಏರುವುದಿಲ್ಲ, ಆದರೆ ಮೂತ್ರಪಿಂಡ ಕೆಟ್ಟರೆ ಅದೂ ಏರುತ್ತದೆ.

ಸಿಟಿ ಸ್ಕ್ಯಾನಿನಲ್ಲಿ ಉದರಪೊರೆ ಒಂದೇ ಸಮನೆ ನುಣುಪಾಗಿ ದಪ್ಪಗಾಗಿ, ದುಗ್ಧಗ್ರಂಥಿಗಳ ನಡುಭಾಗ ಕೊಳೆತಂತೆ ಕಂಡರೆ ಕ್ಷಯ ಸಂಭವನೀಯ. ಗಂಟುಗಂಟಾಗಿ ಏರುಪೇರಾಗಿದ್ದರೆ ಕ್ಯಾನ್ಸರ್. ಪೆಟ್ ಸ್ಕ್ಯಾನ್ ದುಬಾರಿಯಾದರೂ ಇಲ್ಲಿ ಹೆಚ್ಚು ನೆರವಾಗದು. ಎರಡೂ ರೋಗಗಳು ಅದರಲ್ಲಿ ಹೊಳೆಯುತ್ತವೆ.

ಹೊಟ್ಟೆಯ ನೀರಿನ ಪರೀಕ್ಷೆ ಅಗ್ಗ, ಹೆಚ್ಚು ಉಪಯುಕ್ತ. ಕ್ಯಾನ್ಸರ್ ಕೋಶ ಸಿಕ್ಕರೆ ದಿಕ್ಕು ತಿಳಿಯಿತು. ಸಿಗದಿದ್ದರೆ ಕ್ಯಾನ್ಸರ್ ಇಲ್ಲವೆನ್ನಲಾಗದು. ಕ್ಷಯದಲ್ಲಿ ಲಿಂಫೋಸೈಟ್‌ಗಳು ಹೆಚ್ಚು. ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವ ಲೀಟರಿಗೆ ಸುಮಾರು 39 ಯೂನಿಟ್ ದಾಟಿದರೆ ಕ್ಷಯದ ಸಾಧ್ಯತೆ ಬಲಗೊಳ್ಳುತ್ತದೆ. ರೋಗಾಣುವನ್ನೇ ಹುಡುಕಹೊರಟರೆ ಮಾತ್ರ ನಿರಾಶೆ: ನೀರಿನಲ್ಲಿ ಅದರ ಸಂಖ್ಯೆ ತೀರಾ ಕಡಿಮೆ, ಸೂಕ್ಷ್ಮದರ್ಶಕಕ್ಕೆ ಸಿಗುವುದೇ ಅಪರೂಪ, ಕಲ್ಚರಿಗೆ ವಾರಗಟ್ಟಲೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ, ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಕಫದಲ್ಲಿ ತೋರುವ ಚುರುಕನ್ನು ಹೊಟ್ಟೆಯ ನೀರಿನಲ್ಲಿ ತೋರುವುದಿಲ್ಲ.

ಕೊನೆಗೆ ನಿರ್ಣಾಯಕವಾಗುವುದು ಅಂಗಾಂಶದ ಚೂರು. ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ಬಯಾಪ್ಸಿ ಮಾಡಬಹುದು. ಅಲ್ಲಿ ಸಿಗದಿದ್ದರೆ ಲ್ಯಾಪರೋಸ್ಕೋಪಿ. ಉದರಪೊರೆಯ ತುಂಬ ಚೆದರಿದ ಸಣ್ಣ ಬಿಳಿ ಗುಳ್ಳೆಗಳು, ದಾರದಂಥ ಅಂಟುಗಳು ಕ್ಷಯದ ಗುರುತು. ಆದರೂ ಕ್ಯಾನ್ಸರಿನ ಗುಳ್ಳೆಗಳೂ ಹಾಗೆ ಕಾಣಬಹುದಾದ್ದರಿಂದ ಕಣ್ಣನ್ನಷ್ಟೇ ನಂಬದೆ ಚೂರನ್ನು ಆಗಲೇ ಫ್ರೋಜನ್ ಸೆಕ್ಷನ್ನಿಗೆ (ಹೆಪ್ಪುಗಟ್ಟಿಸಿ ತಕ್ಷಣ ನೋಡುವ ಪರೀಕ್ಷೆಗೆ) ಕಳಿಸುವುದು ಒಳ್ಳೆಯದು. ನಡುವೆ ಕೊಳೆತ ಗ್ರ್ಯಾನ್ಯುಲೋಮಾ (ಉರಿಯೂತದ ಸಣ್ಣ ಗಂಟು) ಕಂಡರೆ ಗರ್ಭಕೋಶ, ಅಂಡಾಶಯಗಳನ್ನು ತೆಗೆಯದೆ ಅಲ್ಲಿಗೇ ನಿಲ್ಲಿಸಬಹುದು. ಮಕ್ಕಳಾಗಬೇಕಾದ ವಯಸ್ಸಿನವರಿಗೆ ಇದು ಸಣ್ಣ ವಿಷಯವಲ್ಲ. ಬಯಾಪ್ಸಿಯಿಲ್ಲದೆ ಸುಮ್ಮನೆ ಟಿಬಿ ಮಾತ್ರೆ ಕೊಟ್ಟು ನೋಡುವುದೂ ಅಷ್ಟೇ ಅಪಾಯ. ಅಷ್ಟರಲ್ಲಿ ಕ್ಯಾನ್ಸರ್ ಮುಂದುವರಿದಿರುತ್ತದೆ.

ಕ್ಷಯವೆಂದು ಖಚಿತವಾಗಿ, ಔಷಧಿಗೆ ಬಗ್ಗುವ ರೋಗಾಣುವಾದರೆ ಭಾರತದಲ್ಲಿ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಇವು ಉಚಿತ. ಮಾತ್ರೆ ಹಿಡಿದಂತೆ ಹೊಟ್ಟೆಯ ನೀರು ಇಂಗಿ ಸಿಎ-125 ಇಳಿಯುತ್ತದೆ. ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸಬೇಕು.